ಒದ್ದೆ ಮರಳಿನ ಮೇಲೆ ಅಕ್ಕ

ನನ್ನ ಅಕ್ಕ ಹಲ್ಲು ಕಟ್ಟುವವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಐವತ್ತರ ಹತ್ತಿರ ಬಂದಾಗ ಗಂಡನ ಮನೆ ಬಿಟ್ಟು, ನಾನಿದ್ದ ಈ ಪರದೇಶದ ಕಡಲೂರಿಗೆ ಬಂದಳು. ತಿಂಗಳು ತುಂಬುವುದರೊಳಗೆ ಪೇಟೆಯ ಕ್ಲಿನಿಕ್ಕಿನಲ್ಲಿ ಕೆಲಸ ಹಿಡಿದಳು.

ದಡ ಹಿಡಿದು ನಡೆದರೆ ಕ್ಲಿನಿಕ್ಕಿಗೆ ಮುಕ್ಕಾಲು ಗಂಟೆ. ವ್ಯಾನಿನಲ್ಲಿ ಬಿಡ್ತೀನಿ ಎಂದೆ.

"ಬೇಡಪ್ಪ. ನಿನ್ನ ಭಾವ ಇಪ್ಪತ್ತು ವರ್ಷ ಸ್ಕೂಟರಲ್ಲಿ ಬಿಟ್ಟಿದಾರೆ, ಕರ್ಕೊಂಡು ಬಂದಿದಾರೆ. ಐದು ನಿಮಿಷ ತಡವಾದ್ರೆ ಯಾರ ಜೊತೆ ಮಾತಾಡ್ತಿದ್ದೆ ಅಂತ ಕೇಳಿದಾರೆ. ನಾನಿನ್ನು ನಡ್ಕೊಂಡೇ ಹೋಗೋಳು."

ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕ ಕೊಡೆ ಬಿಚ್ಚಿ, ಚಪ್ಪಲಿಯನ್ನು ಚೀಲಕ್ಕೆ ಹಾಕಿ, ನೀರು ಬಂದು ಹೋದ ಗಟ್ಟಿ ಮರಳಿನ ಮೇಲೆ ಹೊರಡುತ್ತಿದ್ದಳು. ಕ್ಲಿನಿಕ್ಕಿನ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋಗುವುದು. ನಮ್ಮ ಕಡೆಯ ನಾಲ್ಕು ಜನ ಸಿಕ್ಕಲ್ಲೆಲ್ಲ ನನ್ನ ಹೆಂಡತಿಯನ್ನು ಕೇಳುತ್ತಿದ್ದರು, ಮನೇಲಿ ವ್ಯಾನ್ ಇಲ್ವಾ ಅಂತ.

"ಬಿಸಿಲಿಗೆ ಕಪ್ಪಾಗ್ತೀರಿ ಅಕ್ಕ," ಎಂದು ಅವಳು ನಯವಾಗಿ ಹೇಳಿ ನೋಡಿದಳು.

"ಆಗಲಿ ಬಿಡೇ. ಇನ್ನೇನು ಗಂಡಿನ ಕಡೆಯವರು ನೋಡೋಕೆ ಬರಬೇಕಾ?"

ದಾರಿಯ ನಡುವೆ ಒಂದು ದೊಡ್ಡ ಹೋಟೆಲು. ಅಲ್ಲಿನ ನೂರ ನಲವತ್ತು ಏಸಿ ನೋಡಿಕೊಳ್ಳುತ್ತಿದ್ದವನು ನಾನೇ. ನಮ್ಮ ಮನೆ ನಡೆಯುತ್ತಿದ್ದದ್ದೇ ಅದರಿಂದ. ಒಂದು ಸೋಮವಾರ ಹೋಟೆಲಿನವರು ಗೋಡೆಯಿಂದ ನೀರಿನವರೆಗೆ ಹಗ್ಗ ಕಟ್ಟಿ, ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಅತಿಥಿಗಳಿಗೆ ಮಾತ್ರ ಎಂದು ಅವನು ಅಕ್ಕನನ್ನು ತಡೆದ. ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಸಲ್ವಾರ್ ಮೊಣಕಾಲಿಗೆ ಎತ್ತಿಕೊಂಡು, ನೀರಿಗಿಳಿದು, ಹಗ್ಗದ ತುದಿ ಬಳಸಿ ಆಚೆ ಹೋದಳು. ಮಾರನೆಯ ದಿನ ಹಗ್ಗದ ತುದಿಯ ಗೂಟವನ್ನು ಇನ್ನೂ ಆಳದ ನೀರಿನಲ್ಲಿ ನೆಟ್ಟಿದ್ದರು. ಅವಳು ಚೀಲವನ್ನು ತಲೆಯ ಮೇಲಿಟ್ಟುಕೊಂಡು ಸೊಂಟದ ನೀರಿನಲ್ಲಿ ದಾಟಿದಳು. ಆ ದಿನವೆಲ್ಲ ಒದ್ದೆ ಬಟ್ಟೆಯಲ್ಲೇ ಕೂತು ಯಾರದೋ ದವಡೆಗೆ ಹಲ್ಲು ಜೋಡಿಸಿದಳಂತೆ.

ಮ್ಯಾನೇಜರು ನನ್ನನ್ನು ಕರೆಸಿದರು. ಅತಿಥಿಗಳು ನೋಡಿ ನಗುತ್ತಿದ್ದಾರೆ, ಆಕೆ ನಿಮ್ಮ ಅಕ್ಕ ಅಂತೆ, ನಿಲ್ಲಿಸಿ ಎಂದರು. ನಿಲ್ಲಿಸದಿದ್ದರೆ ಏನು ಎಂಬುದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸಂಜೆ ಅಕ್ಕನ ಮುಂದೆ ಕೂತೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ರಸ್ತೇಲೇ ಹೋಗೇ. ನನ್ನ ಹೊಟ್ಟೆಪಾಡಿನ ವಿಷಯ."

"ನೀನು ಕೇಳ್ತಿರೋದು ತಪ್ಪಲ್ಲ," ಎಂದಳು. "ಆದ್ರೆ ಹಗ್ಗ ಕಟ್ಟಿದೋರನ್ನ ಬಿಟ್ಟು, ನಡೆಯೋಳನ್ನ ಕೇಳ್ತಿದೀಯ. ನಂಗೆ ಆಗಲ್ಲ ಕಣೋ."

ಅವಳ ಮೇಲೆ ಕೋಪ ಬಂತು. ಊಟ ಮಾಡದೆ ಎದ್ದು ಹೋದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ ಫೋನು. ಓಡಿದೆ. ಅಕ್ಕ ಹಗ್ಗಕ್ಕೆ ಎದುರಾಗಿ ಒದ್ದೆ ಮರಳಿನ ಮೇಲೆ, ಕೊಡೆ ಬಿಚ್ಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕಾವಲುಗಾರ ಪೊಲೀಸರನ್ನು ಕರೀತೀನಿ ಎಂದಿದ್ದಕ್ಕೆ, ಕರಿ, ಬರೋವರೆಗೂ ಕಾಯ್ತೀನಿ ಎಂದಿದ್ದಳಂತೆ. ಪೊಲೀಸೂ ಬಂದಿದ್ದ, ಟೊಪ್ಪಿ ಬಗಲಲ್ಲಿಟ್ಟುಕೊಂಡ ದಪ್ಪ ಮನುಷ್ಯ. ತಿಂಡಿ ಅರ್ಧಕ್ಕೆ ಬಿಟ್ಟು ಬಂದವನ ಮುಖ.

"ನಿಮ್ಮ ಅಕ್ಕನಿಗೆ ಬುದ್ಧಿ ಹೇಳಿ," ಎಂದರು ಮ್ಯಾನೇಜರು.

ಎಲ್ಲರೂ ನನ್ನತ್ತ ತಿರುಗಿದರು, ಅಕ್ಕನೊಬ್ಬಳನ್ನು ಬಿಟ್ಟು. ಅವಳು ಸಮುದ್ರ ನೋಡುತ್ತಿದ್ದಳು. ಅವಳ ಬೆನ್ನಿಗೆ ಬಟ್ಟೆ ಅಂಟಿಕೊಂಡಿತ್ತು. ಏನಾಯಿತೋ ನನಗೆ, ಮನೆಯಿಂದ ಸಿದ್ಧ ಮಾಡಿಕೊಂಡು ಬಂದ ಮಾತು ಬಿಟ್ಟು ಬೇರೆಯೇ ಮಾತು ಬಾಯಿಗೆ ಬಂತು.

"ಹೇಳಿ ನೋಡಿದೆ ಸಾರ್. ನಮ್ಮಪ್ಪನ ಮಾತೇ ಕೇಳಿದವಳಲ್ಲ," ಎಂದೆ. ಆಮೇಲೆ ಪೊಲೀಸನ ಕಡೆ ತಿರುಗಿ, "ಹಗ್ಗ ಕಟ್ಟೋಕೆ ಇವರ ಹತ್ರ ಅಪ್ಪಣೆ ಕಾಗದ ಇದೆಯಾ ಅಂತಾನೂ ಕೇಳಿ," ಎಂದೆ.

ಪೊಲೀಸ್ ಕೇಳಿದ. ಮ್ಯಾನೇಜರು ಕಾಗದ ಆಫೀಸಿನಲ್ಲಿದೆ ಎಂದರು. ತನ್ನಿ ಎಂದ. ತರಲು ಹೋದವರು ಅರ್ಧ ಗಂಟೆಯಾದರೂ ಬರಲಿಲ್ಲ. ಪೊಲೀಸನಿಗೆ ಹಸಿವು ತಡೆಯದಾಯಿತೋ ಏನೋ, ನೀರು ಬಂದು ಹೋಗುವ ಜಾಗ ಯಾರಪ್ಪನದೂ ಅಲ್ಲ ಎಂದು ಗೊಣಗಿ, ಕಾವಲುಗಾರನಿಂದಲೇ ಗೂಟ ಕೀಳಿಸಿದ. ಅಕ್ಕ ಎದ್ದು, ಮರಳು ಕೊಡವಿಕೊಂಡು, ಕೆಲಸಕ್ಕೆ ತಡವಾಯಿತೆಂದು ಹೊರಟೇಬಿಟ್ಟಳು.

ಹದಿನೈದು ದಿನಕ್ಕೆ ಹೋಟೆಲಿನ ಏಸಿ ಕೆಲಸ ಬೇರೆಯವರ ಪಾಲಾಯಿತು.

"ನನ್ನಿಂದ ಹೋಯ್ತು ಅಲ್ವಾ?" ಅಕ್ಕ ಕೇಳಿದಳು.

"ಹೂಂ."

"ಬೈಬೇಕು ಅನ್ಸಿದ್ರೆ ಬೈದುಬಿಡು. ನಡೆಯೋದು ಮಾತ್ರ ಬಿಡಲ್ಲ."

ಬೈಯಲಿಲ್ಲ. ಮೂರು ತಿಂಗಳು ಕೈ ಬಿಗಿಯಾಗಿತ್ತು, ಹೆಂಡತಿ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಮೀನು ಇಡುವ ಶೀತಲ ಕೊಠಡಿಯೊಂದರ ಕೆಲಸ ಸಿಕ್ಕಿತು. ಹೋಟೆಲಿನಷ್ಟಲ್ಲ, ಆದರೂ ಪರವಾಗಿಲ್ಲ.

ಮೊನ್ನೆ ವ್ಯಾನು ಕೆಟ್ಟು ನಾನೂ ಅಕ್ಕನ ಜೊತೆ ನಡೆದು ಹೊರಟೆ. ಹೋಟೆಲು ದಾಟುವಷ್ಟರಲ್ಲಿ ನನಗೆ ಏದುಸಿರು. ಅವಳು ಐವತ್ತು ಹೆಜ್ಜೆ ಮುಂದಿದ್ದಳು. "ಬೇಗ ಬಾರೋ, ನಂಗೆ ತಡ ಆಗತ್ತೆ," ಎಂದು ತಿರುಗದೆಯೇ ಕೂಗಿದಳು, ನಿಲ್ಲಲಂತೂ ಇಲ್ಲ.