ತಿಥಿಯ ದಿನದ ಸಹಿ

"ಹನ್ನೊಂದು ನಲವತ್ತು," ಎನ್ನುತ್ತ ಸತ್ಯಾತ್ಮ ಅವಳ ಉತ್ತರದ ಹಾಳೆಯ ಮೂಲೆಯಲ್ಲಿ ಸಮಯ ಬರೆದರು. "ಇಪ್ಪತ್ತು ನಿಮಿಷ ನಿಂಗೆ. ಈ ಮೂರು ಪುಟ ನೋಡು, ತಪ್ಪೆಲ್ಲಿದೆ ಹೇಳು. ಕ್ಯಾಲ್ಕುಲೇಟರ್ ಎಲ್ಲಾ ಬೇಡ. ಕಣ್ಣಿದ್ರೆ ಸಾಕು."

ವಿಭಾ ತಲೆಯಾಡಿಸಿದಳು. ಸೌಕಾರ್‌ಪೇಟೆಯ ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ಬೆಳಗ್ಗೆಯಿಂದ ಐದು ಜನ ಕಾದಿದ್ದರು, ಅವಳೇ ಕೊನೆಯವಳು. ಬಿ.ಕಾಂ. ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಇದು ಒಂಬತ್ತನೆಯ ಇಂಟರ್‌ವ್ಯೂ. ಹಿಂದಿನ ಎಂಟರಲ್ಲೂ ಉತ್ತರ ಗೊತ್ತಿತ್ತು, ಅದು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಮನೆ ನಡೆಯುತ್ತಿದ್ದುದು ಅಮ್ಮ ತ್ರಿಪ್ಲಿಕೇನಿನ ಮೆಸ್ಸೊಂದಕ್ಕೆ ಲಟ್ಟಿಸಿ ಕೊಡುತ್ತಿದ್ದ ಚಪಾತಿಯಿಂದ. ಕಳೆದ ತಿಂಗಳಿಂದ ಅಮ್ಮನ ಬಲ ಮೊಣಕೈ ಮಡಚಲು ಬರುತ್ತಿರಲಿಲ್ಲ.

"ಒಂದು ಆಡಿಟ್ ಆಫೀಸು" ಎಂದಷ್ಟೇ ಮನೆಯಲ್ಲಿ ಹೇಳಿ ಬಂದಿದ್ದಳು. ಹೆಸರು ಹೇಳಿರಲಿಲ್ಲ. ಅಪ್ಪ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದ ಸೀರೆ ಅಂಗಡಿಯ ಆಡಿಟ್ ಮಾಡುತ್ತಿದ್ದವರು ಇವರೇ. ಅರ್ಜಿಯಲ್ಲಿ 'ವಿಭಾ ಟಿ.' ಎಂದಿತ್ತು. ಟಿ ಎಂದರೆ ಯಾರೆಂದು ಯಾರೂ ಕೇಳಲಿಲ್ಲ; ತಮಿಳರ ಈ ಊರಿನಲ್ಲಿ ಎಲ್ಲರ ಅಪ್ಪಂದಿರೂ ಒಂದಕ್ಷರದಲ್ಲಿ ಮುಗಿದುಹೋಗುತ್ತಾರೆ.

ಅವು ಗೋಡೌನಿನ ಸರಕು ಎಣಿಸಿ ಬರೆಯುವ ಹಾಳೆಗಳ ಜೆರಾಕ್ಸ್. ಅಂಗಡಿಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಪ್ರತಿ ತೆಗೆದಿದ್ದರು. ಆದರೆ ಮೂರೂ ಪುಟಗಳ ನೆತ್ತಿಯಲ್ಲಿ, ಕಾಗದ ಮುಚ್ಚದೆ ಬಿಟ್ಟ ಚೂರು ಜಾಗದಲ್ಲಿ, ಕನ್ನಡದ ಪುಟ್ಟದೊಂದು 'ಶ್ರೀ' ಇತ್ತು. ರೇಷನ್ ಸಾಮಾನಿನ ಚೀಟಿ ಬರೆಯುವಾಗಲೂ ಅಪ್ಪ ಮೊದಲು ಬರೆಯುತ್ತಿದ್ದುದು ಅದನ್ನೇ. ಅವಳ ಕಣ್ಣು ತಾನಾಗಿ ಪುಟದ ಬುಡಕ್ಕೆ ಇಳಿಯಿತು. ಅಲ್ಲಿ ಅಪ್ಪನ ಸಹಿ, 'ತಿರುಮಲ', ಕೊನೆಯಕ್ಷರದ ಬಾಲವನ್ನು ಮೇಲಕ್ಕೆಳೆದು ಬಿಟ್ಟದ್ದು. ಪಕ್ಕದಲ್ಲಿ ತಾರೀಖು, ಐದು ವರ್ಷದ ಹಿಂದಿನ ಮಾರ್ಚ್ ಮೂವತ್ತೊಂದು.

ಆ ದಿನ ಅವಳ ಡೈರಿಯಲ್ಲಿತ್ತು. 'ಅಜ್ಜಿಯ ತಿಥಿ. ಎಲೆ ತೆಗೆಯುವಾಗ ಮೂರೂವರೆ. ಅಪ್ಪ ಇಡೀ ದಿನ ಮನೆಯಲ್ಲಿದ್ದರು. ಮಾರ್ಚ್ ಕೊನೆಯಲ್ಲಿ ಹೀಗೆ ನೋಡಿದ್ದು ಇದೇ ಮೊದಲು.' ಹಿಂದಿನ ಸಂಜೆ ಅಪ್ಪ ಚಪ್ಪಲಿ ಬಿಡುತ್ತಲೇ ಹೇಳಿದ್ದರು: "ಆಡಿಟರ್ ಕಡೆಯೋರು ಪಾಪ, ಒಳ್ಳೇವ್ರು ಕಣೇ. ಶೀಟ್‌ಗೆಲ್ಲಾ ಸೈನ್ ಹಾಕಿಟ್ಟು ಹೋಗಿ ಸಾರ್, ನಾಳೆ ಎಣಿಸ್ಕೊಂಡು ನಾವೇ ತುಂಬ್ಕೋತೀವಿ ಅಂದ್ರು. ಅಮ್ಮನ ತಿಥಿ ತಪ್ಪಲಿಲ್ಲ."

ಏಳು ತಿಂಗಳ ಮೇಲೆ ಗೋಡೌನಿನಲ್ಲಿ ನಲವತ್ತೆರಡು ಬೇಲು ಸೀರೆ ಕಾಣಲಿಲ್ಲ. ಹಾಳೆಯ ಪ್ರಕಾರ ಅವು ಅಲ್ಲಿರಬೇಕಿತ್ತು. ಸಹಿ ನಿಮ್ಮದೇ ತಾನೇ ಎಂದು ಮಾಲೀಕರು ಕೇಳಿದರು. ಹೌದು ಎಂದು ಹೇಳಿ ಅಪ್ಪ ಕೆಲಸ ಕಳೆದುಕೊಂಡು ಮನೆಗೆ ಬಂದರು. ಆಮೇಲೆ ಅವರು ಯಾವುದಕ್ಕೂ ಸಹಿ ಹಾಕಿಲ್ಲ. ಕೊರಿಯರಿನವನು ಬಂದರೂ "ವಿಭಾ, ನೀನೇ ಹಾಕಮ್ಮಾ" ಎಂದು ಒಳಗೆ ಹೋಗಿಬಿಡುತ್ತಾರೆ.

ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ಅಂಗೈಯಿಂದ ಅದುಮಿ ಹಿಡಿದು ನೋಡಿದಳು. ಕೊನೆಯ ಸಾಲಿನ ಅಂಕಿಗಳು ನೆಟ್ಟಗೆ ಬಂದು, ಸಹಿಯ ಬಾಲದ ಹತ್ತಿರ ಮೇಲಕ್ಕೆ ಹತ್ತಿ, ಅದನ್ನು ದಾಟಿ ಮತ್ತೆ ಇಳಿದಿದ್ದವು. ಮೂರು ಪುಟಗಳಲ್ಲೂ ಹಾಗೆಯೇ. ಸಹಿ ಮೊದಲೇ ಅಲ್ಲಿ ಇಲ್ಲದಿದ್ದರೆ ಅಂಕಿ ಯಾಕೆ ಬಳಸಿಕೊಂಡು ಹೋಗಬೇಕು? ಅಂಕಿಗಳ ಕೈಬರಹ ಅಪ್ಪನದಲ್ಲ. ಅದರಲ್ಲಿನ ನಾಲ್ಕು, ತಲೆಕೆಳಗಾದ ಕುರ್ಚಿಯಂತೆ ಬಾಯಿ ತೆರೆದುಕೊಂಡಿತ್ತು. ಅಂಥದ್ದೇ ಒಂದು ನಾಲ್ಕು ಅವಳ ಉತ್ತರದ ಹಾಳೆಯ ಮೂಲೆಯಲ್ಲೂ ಇತ್ತು. ಅದರ ಶಾಯಿ ಇನ್ನೂ ಹೊಸದು.

"ಸಿಕ್ತಾ?" ಸತ್ಯಾತ್ಮ ಫೋನಿನಿಂದ ತಲೆಯೆತ್ತಿದರು.

"ಸರ್, ಇದನ್ನ... ಯಾರು ಎಣಿಸಿದ್ದು ಸರ್?"

ಅವರು ನಕ್ಕರು. "ಅಡಡಾ, ನನ್ನೇ ಆಡಿಟ್ ಮಾಡ್ತೀಯಾ? ನಾನೇ ಹೋಗಿದ್ದು. ಆಗ ಸೀನಿಯರ್ ಇದ್ದೆ, ಈಗ ಪಾರ್ಟ್ನರ್. ನಾಲ್ಕು ವರ್ಷದಿಂದ ಎಲ್ಲರಿಗೂ ಇದೇ ಪೇಪರ್. ಯಾಕೆ, ಏನು?"

ಹಿಂದಿನ ಕೋಣೆಯಲ್ಲಿ ಯಾರೋ ಪ್ರಿಂಟರಿನ ಬಾಗಿಲು ಬಡಿದು ಮುಚ್ಚಿದರು. ವಿಭಾಳ ಬೆರಳು ಸಹಿಯ ಬಾಲದ ಮೇಲಿತ್ತು. ಅದನ್ನು ಒಂದು ಅಂಗುಲ ಮೇಲಕ್ಕೆ ಸರಿಸಿ, ಇಲ್ಲಿ ನೋಡಿ ಎಂದರೆ ಸಾಕಿತ್ತು.

"ಬಾಯಿ ತೆರಿಯಮ್ಮಾ. ಆಡಿಟ್‌ನಲ್ಲಿ ಮೌನವ್ರತ ಎಲ್ಲಾ ನಡಿಯೋಲ್ಲ."

"ಎಣಿಸದೇನೇ ಸೈನ್ ಮಾಡಿದ್ದಾರೆ ಸರ್."

"ಯಾರು?"

"ಸ್ಟೋರ್ ಕೀಪರ್."

"ಸೂಪರ್! ಬೆಳಿಗ್ಗೆಯಿಂದ ನಾಲ್ಕು ಜನ ಕೂಡಿಸಿ ಕಳೆದು ಸತ್ರು. ನೀನೊಬ್ಬಳೇ ಸೈನ್ ನೋಡಿದ್ದು." ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸೆರಿ, ಇನ್ನೊಂದು. ಈ ಮನುಷ್ಯ ಕಳ್ಳನಾ, ಪೆದ್ದನಾ?"

ಉತ್ತರ ಅವಳು ಕಾಯುವ ಮೊದಲೇ ಬಂತು. ಎಂಟು ಇಂಟರ್‌ವ್ಯೂಗಳಲ್ಲಿ ಒಮ್ಮೆಯೂ ಅಷ್ಟು ಬೇಗ ಬಂದಿರಲಿಲ್ಲ.

"ಕಳ್ಳ ಅಲ್ಲ ಸರ್. ಪೆದ್ದ."

"ನಂಗೂ ಹಾಗೇ ಅನ್ಸತ್ತೆ," ಎಂದು ಸತ್ಯಾತ್ಮ ಡ್ರಾಯರಿನಿಂದ ಅಚ್ಚು ಹಾಕಿಸಿದ ಒಂದು ಹಾಳೆ ತೆಗೆದುಕೊಟ್ಟರು. "ಸೋಮವಾರ ಬಂದುಬಿಡು. ಹೊರಗೂರಿನ ಆಡಿಟ್‌ಗೆ ಹೋಗಬೇಕಾಗತ್ತೆ, ಹುಡುಗೀರಿಗೆ ಮನೆಯವರ ಒಪ್ಪಿಗೆ ಕೇಳ್ತೀವಿ. ಅಪ್ಪ, ಅಮ್ಮ, ಯಾರಾದ್ರೂ ಸೈನ್ ಹಾಕ್ಲಿ. ಊರು, ತಾರೀಖು ಎಲ್ಲಾ ಖಾಲಿ ಇರ್ಲಿ. ನಾವೇ ತುಂಬ್ಕೋತೀವಿ."

ಅವಳು ಮನೆ ತಲುಪಿದಾಗ ಅಪ್ಪ ಬಾಗಿಲ ಬಳಿಯೇ ಕೂತಿದ್ದರು.

"ಏನಾಯ್ತಮ್ಮಾ?"

"ಸಿಕ್ತು ಅಪ್ಪಾ."

"ನಿಜವಾಗ್ಲೂನಾ? ವಿಮಲಾ, ಕೇಳಿಸ್ತಾ?" ಅಪ್ಪ ಎದ್ದೇ ನಿಂತರು. "ಏನು ಕೇಳಿದ್ರು?"

"ಒಂದು ಸ್ಟಾಕ್ ಶೀಟ್ ಕೊಟ್ಟಿದ್ರು. ತಪ್ಪು ಹುಡುಕು ಅಂತ."

"ಹುಡುಕಿದ್ಯಾ?"

"ಹ್ಞೂಂ."

ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವಳ ಕೆನ್ನೆ ಮುಟ್ಟಿದಳು. ವಿಭಾ ಬ್ಯಾಗಿನಿಂದ ಒಪ್ಪಿಗೆಯ ಹಾಳೆ ತೆಗೆದು ಅಮ್ಮನತ್ತ ಚಾಚಿದಳು. ಅಮ್ಮ ಕೈ ಒರೆಸಿಕೊಳ್ಳುವಷ್ಟರಲ್ಲಿ ಅಪ್ಪನೇ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಮೇಲೆ ದಪ್ಪ ಅಕ್ಷರಗಳಲ್ಲಿ ಆಫೀಸಿನ ಹೆಸರಿತ್ತು. ಅದು ಒಂದೇ ಸಾಲು. ಅಪ್ಪ ಅದನ್ನು ಬಹಳ ಹೊತ್ತು ಓದಿದರು.

"ಇವರಾ?"

ಅವಳು ತಲೆಯಾಡಿಸಿದಳು. ಅಪ್ಪ ಒಳಗೆ ಹೋಗಿ ಕನ್ನಡಕವನ್ನೂ ಪೆನ್ನನ್ನೂ ತಂದರು. ಅಮ್ಮನ ಚಪಾತಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಹಾಳೆ ಹರಡಿದರು. ಊರು ಎಂಬಲ್ಲಿ ಊರು ಬರೆದರು. ತಾರೀಖು ಎಂಬಲ್ಲಿ ಅಂದಿನ ತಾರೀಖು ಬರೆದರು. ಉಳಿದ ಖಾಲಿ ಜಾಗಗಳಿಗೆಲ್ಲ, ಅಡಿಯಲ್ಲಿದ್ದ ಬೆರಳಗಲದ ಜಾಗವನ್ನೂ ಬಿಡದೆ, ನಿಧಾನವಾಗಿ ಒಂದೊಂದೇ ಗೆರೆ ಎಳೆದರು.

"ವಿಮಲಾ, ಬಾ. ಇಲ್ಲಿ ನೀನು ಸೈನ್ ಹಾಕು."

"ನೀವೇ ಹಾಕ್ಬಾರ್ದಾ, ಈ ಒಂದು ಸಲ? ನನ್ನ ಕೈ..."

"ನನ್ನ ಸೈನ್ ಅಲ್ಲಿ ಬೇಡ."

ಪೆನ್ನು ಕೊಡುವ ಮೊದಲು ಅವರ ಕೈ ಅಭ್ಯಾಸದಿಂದ ಹಾಳೆಯ ನೆತ್ತಿಗೆ ಹೋಯಿತು. ಮೊನೆ ಕಾಗದಕ್ಕೆ ತಾಕಿ ಅಲ್ಲೇ ನಿಂತಿತು. ಆಮೇಲೆ ಅವರು ಪೆನ್ನನ್ನು ಎತ್ತಿ ಅಮ್ಮನ ಕೈಗಿಟ್ಟರು.

ಅಮ್ಮ ಎಡಗೈಯಿಂದ ಬಲ ಮೊಣಕೈಯನ್ನು ಆನಿಸಿ ಹಿಡಿದು ಒಂದೊಂದೇ ಅಕ್ಷರ ಬರೆಯತೊಡಗಿದಳು. ಹಾಳೆಯ ಮೇಲ್ತುದಿಯಲ್ಲಿ, 'ಶ್ರೀ' ಶುರುವಾಗಬೇಕಿದ್ದಲ್ಲಿ, ನೀಲಿ ಚುಕ್ಕೆಯೊಂದು ಒಣಗುತ್ತಿತ್ತು.