ಗಾದಿಲಿಂಗನ ಹಳಿ

ಯಾರಾದರೂ ಅದನ್ನು ಆಟಿಕೆ ಎಂದರೆ ವೀರಭದ್ರ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಬಳ್ಳಾರಿಯ ಅವರ ಮನೆಯ ಮಹಡಿಯಲ್ಲಿ ಆರು ವರ್ಷದಿಂದ ಇಂಗ್ಲೆಂಡಿನ ಒಂದು ಹಳೆಯ ರೈಲ್ವೆ ಸ್ಟೇಷನ್ನಿನ ಮಾದರಿ ಏಳುತ್ತಿತ್ತು. ನಿಜವಾದದ್ದನ್ನು ಅಲ್ಲಿಯವರು ಎಂದೋ ಕೆಡವಿದ್ದರು. ಇದು ಅಳತೆಯಲ್ಲಿ ಅದರ ಎಪ್ಪತ್ತಾರರಲ್ಲಿ ಒಂದು ಪಾಲು. ಕಮಾನು, ಗಡಿಯಾರ, ಮೆಟ್ಟಿಲು ಎಲ್ಲ ಕೂದಲೆಳೆಯಷ್ಟೂ ತಪ್ಪದ ಅಳತೆ. ಕುರುಗೋಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಬಂದು ಮೇಷ್ಟ್ರು ಕಟ್ಟಡ ಕಟ್ಟುತ್ತಿದ್ದರು, ಬಣ್ಣ ಬಳಿಯುತ್ತಿದ್ದರು. ಹಳಿ ಮಾತ್ರ ಗಾದಿಲಿಂಗನದು.

ಗಾದಿಲಿಂಗ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಬರುತ್ತಿದ್ದ. ಆ ಕಾಲದ ಇಂಗ್ಲಿಷ್ ಹಳಿ ಸ್ಲೀಪರಿನ ಮೇಲೆ ನೇರವಾಗಿ ಕೂರುತ್ತಿರಲಿಲ್ಲ; ಚೇರು ಎಂಬ ಕಬ್ಬಿಣದ ಹಿಡಿಕೆಯೊಂದು ಅದನ್ನು ಹಿಡಿದಿರುತ್ತಿತ್ತು. ಅಂಥ ಚೇರುಗಳನ್ನು ಅಕ್ಕಿಕಾಳಿನಷ್ಟು ಗಾತ್ರಕ್ಕೆ ಹಿತ್ತಾಳೆಯಲ್ಲಿ ಅರದಿಂದ ಉಜ್ಜಿ, ಒಂದೊಂದಾಗಿ ಬೆಸೆದು, ಸಾವಿರಗಟ್ಟಲೆ ಕೂರಿಸಿದ್ದ. ಅದಕ್ಕಾಗಿ ಮನೆಯಲ್ಲಿ ತಿಂದ ಬೈಗುಳವೂ ಅಷ್ಟೇ ಇದ್ದೀತು.

ಸಿಕ್ಕ ಫೋಟೋಗಳೆಲ್ಲ ಕಪ್ಪು ಬಿಳುಪಿನವು. ಗೋಡೆಗೆ ಯಾವ ಬಣ್ಣ? ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರ ಕಣ್ಣಿಗೆ ರೈಲಿನ ಪಕ್ಕದ್ದೆಲ್ಲ ಅದಿರಿನ ಧೂಳು ಮೆತ್ತಿದ ಕೆಂಪು. ಮೇಷ್ಟ್ರು ಹಿಂದುಮುಂದು ನೋಡದೆ ಗೋಡೆಯಿಂದ ಜಲ್ಲಿಯವರೆಗೆ ಕೆಂಪು ಬಳಿದರು. ಗಾದಿಲಿಂಗ ಗಿರಣಿಯ ಹೊಟ್ಟಿನ ಕರಿ ಬೂದಿಯನ್ನು ಪೊಟ್ಟಣ ಕಟ್ಟಿ ತಂದಿದ್ದ.

“ಕಲ್ಲಿದ್ದಲ ಎಂಜಿನ್ನು ಅಲ್ಲೇನ್ರಿ ಸರ್? ಹೊಗಿ ಹತ್ತಿ ಗ್ವಾಡಿ ಕರ್ರಗ ಆಗಿರ್ತಾವ.”

“ರೈಲೇ ಇಲ್ಲದ ಊರಾಂವ, ನನಗ ಹೇಳಾಕ ಬಂದೀಯೇನಲೇ?” ಎಂದು ಮೇಷ್ಟ್ರು ನಕ್ಕಿದ್ದರು. ಅವನೂ ನಕ್ಕು ಪೊಟ್ಟಣವನ್ನು ಜೇಬಿಗೆ ಸೇರಿಸಿದ್ದ.

ಕೊನೆಗೊಂದು ಭಾನುವಾರ ಇಂಟರ್ನೆಟ್ಟಿನಲ್ಲಿ ಪರಿಚಯವಾದ ಇಂಗ್ಲೆಂಡಿನ ಹ್ಯಾರಿಸ್ ಎಂಬ ಮುದುಕರು ಫೋನಿನ ವಿಡಿಯೊದಲ್ಲೇ ಸ್ಟೇಷನ್ ನೋಡಿದರು. ಅವರ ಅಪ್ಪ ಆ ನಿಜವಾದ ಸ್ಟೇಷನ್ನಿನಲ್ಲಿ ಹಳಿ ಕಾಯುತ್ತಿದ್ದವರು. ಮೇಷ್ಟ್ರು ಫೋನನ್ನು ಮೆಲ್ಲಗೆ ಸರಿಸುತ್ತ ಹೋದರು. ಮಾದರಿಯ ಆಚೆ ಬದಿಯಲ್ಲಿ ಗಾದಿಲಿಂಗ ದೀಪ ಹಿಡಿದಿದ್ದ. ಅವನಿಗೆ ಮುದುಕರ ಮುಖವೂ ಕಾಣದು, ಇಂಗ್ಲಿಷ್ ಮಾತೂ ತಿಳಿಯದು.

ಮುದುಕರು ಸಂಕೋಚದಿಂದಲೇ ಹೇಳಿದರು: ಬಣ್ಣ ತಪ್ಪು. ಅವರ ಸ್ಟೇಷನ್ ಮಸಿ ಹಿಡಿದು ಕಪ್ಪಗಿತ್ತು. ಫೋನು ಹಳಿಯ ಹತ್ತಿರ ಇಳಿದಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದು ನನ್ನ ಅಪ್ಪನ ಹಳಿ, ಇದನ್ನು ಹಾಕಿದ ಕೈಗೆ ನನ್ನ ನಮಸ್ಕಾರ ತಿಳಿಸಿ ಎಂದರು.

“ಏನಂದ್ರು ಸರ್?”

ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು.

“ಚಲೋ ಐತಿ ಅಂದ್ರು.”

“ಹಳಿ ಬಗ್ಗೆ?”

“ಹಳಿ ಬಗ್ಗೆ ಏನೂ ಅನ್ಲಿಲ್ಲ.”

ಗಾದಿಲಿಂಗ ದೀಪ ಆರಿಸಿದ. ಆ ದಿನ ಚಹಾ ಕೂಡ ಕುಡಿಯದೆ ಬಸ್ಸಿಗೆ ಹೋದ.

ಮುಂದಿನ ಭಾನುವಾರ ಮೇಷ್ಟ್ರು ಕುರುಗೋಡಿನಲ್ಲಿ ನಂಟರ ಮನೆಯ ನಾಮಕರಣ ಮುಗಿಸಿ ಬರುವಾಗ ಮಧ್ಯಾಹ್ನವಾಗಿತ್ತು. ಗಾದಿಲಿಂಗ ಬೆಳಿಗ್ಗೆಯೇ ಬಂದಿದ್ದಾನೆ ಎಂದು ಹೆಂಡತಿ ಅರುಣಾ ಹೇಳಿದಳು. ಮಹಡಿ ಹತ್ತಿದವರು ಬಾಗಿಲಲ್ಲೇ ನಿಂತರು. ಅರ್ಧ ಸ್ಟೇಷನ್ನಿನ ಹಳಿ ಕಿತ್ತುಹೋಗಿತ್ತು. ಅವನು ಬೆಸುಗೆಯ ಕಡ್ಡಿಯಿಂದ ಕಾಯಿಸಿ ಚೇರುಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದ.

“ಅಷ್ಟೊತ್ತು ನೋಡಿ ಒಂದು ಮಾತೂ ಆಡ್ಲಿಲ್ಲ ಅಂದ್ರ ಎಲ್ಲೋ ತಪ್ಪೈತ್ರಿ ಸರ್. ಹೊಸದಾಗಿ ಹಾಕ್ತೀನಿ.”

ಮೇಷ್ಟ್ರು ಒಳಗೆ ಧಾವಿಸಿದರು. ಬಣ್ಣದ ಮಾತು, ಮುದುಕರ ಕಣ್ಣೀರು, ನಮಸ್ಕಾರ, ತಮ್ಮ ಹೊಟ್ಟೆಕಿಚ್ಚು, ಎಲ್ಲವನ್ನೂ ತಡವರಿಸುತ್ತ ಹೇಳಿದರು. ಗಾದಿಲಿಂಗ ಕೊನೆಯವರೆಗೂ ಕೇಳಿ ಮರುಕದಿಂದ ನಕ್ಕ.

“ನನಗ ಕೆಟ್ಟನಿಸೈತಿ ಅಂತ ಸಮಾಧಾನಕ್ಕ ಹೇಳಾಕತ್ತೀರಿ. ಇರ್ಲಿ ಬಿಡ್ರಿ.”

“ಸುಳ್ಳಲ್ಲಲೇ! ಈಗ ಫೋನ್ ಹಚ್ತೀನಿ, ನೀನೇ ಕೇಳು.”

“ಅವ್ರು ಅಂದಿದ್ದನ್ನ ನನಗ ತಿಳಿಸಿ ಹೇಳೋರು ನೀವೇ ಅಲ್ಲೇನ್ರಿ, ಸರ್?”

ಹಾಗೆಂದು ಅವನು ಬಗ್ಗಿ, ಕಾದ ಕಡ್ಡಿಯನ್ನು ಮುಂದಿನ ಚೇರಿಗೆ ಇಟ್ಟ.