ಎರಡು ಕ್ಯಾಮರಾ ಕಂಡ ರಸ್ತೆ

ನನ್ನ ಎಡಗಣ್ಣಿನ ಪೊರೆ ತೆಗೆದಿದ್ದಾರೆ, ಬಲಗಣ್ಣಿನದು ಇನ್ನೂ ಇಲ್ಲ. ರಾತ್ರಿ ಎದುರಿಗೆ ಗಾಡಿ ಬಂದರೆ ಎಡಗಣ್ಣಿಗೆ ಎರಡು ದೀಪ ಬೇರೆ ಬೇರೆ ಕಾಣುತ್ತವೆ. ಬಲಗಣ್ಣಿಗೆ ಬರೀ ಬಿಳಿ ಬೆಳಕು ಚೆಲ್ಲಿದ ಹಾಗೆ ಆಗುತ್ತದೆ. ಭೀಮಶಿಯ ಕಾರಿನ ಕ್ಯಾಮರಾ ತೆಗೆದ ವಿಡಿಯೋ ಟಿವಿಯಲ್ಲಿ ಹಾಕಿದಾಗ ನನಗೆ ಮೊದಲು ಅನಿಸಿದ್ದು, ಇದು ನನ್ನ ಬಲಗಣ್ಣಿನ ಹಾಗೇ ಇದೆ ಎಂದು.

ಭೀಮಶಿ ನನ್ನ ತಂಗಿಯ ಮಗ, ನನ್ನ ಮಗಳು ಮಹಾಲಕ್ಷ್ಮಿಯ ಗಂಡ. ಗುಡಗೇರಿಗೂ ಕುಂದಗೋಳಕ್ಕೂ ನಡುವೆ ಇರುವ ನಮ್ಮ ಊರಲ್ಲಿ ಬಾಡಿಗೆಗೆ ಸಿಗುವ ಕಾರು ಅವನದೊಂದೇ. ಹೆರಿಗೆಗೆ ಹೋಗುವವರು, ರೈಲು ಹಿಡಿಯುವವರು, ಸಂತೆಗೆ ಹೊತ್ತಾದವರು ಎಲ್ಲರೂ ಅವನ ಬಾಗಿಲಿಗೇ ಬರಬೇಕು. ಮೊಬೈಲಿನಲ್ಲಿ ನೋಡಿ ಆ ಕ್ಯಾಮರಾ ತರಿಸಿ ಮುಂದಿನ ಗಾಜಿಗೆ ಅಂಟಿಸಿದ್ದ. ಡಬ್ಬಿಯ ಮೇಲಿನ ಚಿತ್ರದಲ್ಲಿ ರಾತ್ರಿ ರಸ್ತೆ ಹಗಲಿನ ಹಾಗೆ ಹೊಳೆಯುತ್ತಿತ್ತು.

ಆ ರಾತ್ರಿ ಹುಬ್ಬಳ್ಳಿಗೆ ಬಾಡಿಗೆ ಬಿಟ್ಟು ಖಾಲಿ ಗಾಡಿ ತರುತ್ತಿದ್ದ. ಜಿಟಿಜಿಟಿ ಮಳೆ. ಹಳ್ಳದ ಬಾಜು ಹೊಳಬಸಪ್ಪನ ಹೊಲದ ಹತ್ತಿರ ಒಂದು ಬೈಕು ಬಿದ್ದಿತ್ತು, ಅದರ ಆಚೆ ಒಬ್ಬ ಮನುಷ್ಯ. ಇಳಿದು ನೋಡಿದರೆ ಹೊಳಬಸಪ್ಪನ ಮಗ ಎಲ್ಲೇಶ. ಕಾಲು ಮುರಿದು ನರಳುತ್ತಿದ್ದ. ಆ ಗಡಿಬಿಡಿಯಲ್ಲಿ ರಸ್ತೆಯ ಮೇಲೆ ಬೇರೆ ಏನಿದೆ ಎಂದೂ ನೋಡದೆ ಭೀಮಶಿ ಒಬ್ಬನೇ ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಂದ ದಾರಿಗೇ ತಿರುಗಿ ಹುಬ್ಬಳ್ಳಿ ದವಾಖಾನೆಗೆ ಒಯ್ದ. ಬೆಳಗಿಗೆ ಹೊಳಬಸಪ್ಪ ದವಾಖಾನೆಗೆ ಬಂದು ಅವನ ಎರಡೂ ಕೈ ಹಿಡಿದು ಅತ್ತಿದ್ದನ್ನು ನಾನೇ ನೋಡಿದ್ದೇನೆ.

ಆ ಕಣ್ಣೀರು ನಾಲ್ಕು ದಿನ ಉಳಿಯಲಿಲ್ಲ. ಎಲ್ಲೇಶನಿಗೆ ನೆನಪಿದ್ದದ್ದು ಹಿಂದಿನಿಂದ ಬೆಳಕು ಬಂದದ್ದು, ತಾನು ಬಿದ್ದದ್ದು, ಒಂದು ಬಿಳಿ ಕಾರು. ಇಷ್ಟೇ. ಭೀಮಶಿಯ ಕಾರೂ ಬಿಳಿ. ನೋಡಲು ಬಂದ ಬೀಗರು ಯಾರೋ ಕೇಳಿದರಂತೆ, ತಾನು ಹೊಡೆಯದಿದ್ದರೆ ಅವನು ಯಾಕೆ ನಿಲ್ಲಿಸಿದ ಎಂದು. ಹೊಳಬಸಪ್ಪನ ತಲೆಯಲ್ಲಿ ಅದು ಕೂತುಬಿಟ್ಟಿತು. ಕುಂದಗೋಳ ಠಾಣೆಗೆ ಅರ್ಜಿ ಕೊಟ್ಟ. ಪೊಲೀಸರು ಇಬ್ಬರನ್ನೂ ಕರೆಸಿ ಸಮಾಧಾನದಿಂದಲೇ ಕೇಳಿದರು. ಕ್ಯಾಮರಾ ಇದೆ ಅಂತೀಯಲ್ಲ, ಸೋಮವಾರ ವಿಡಿಯೋ ತಗೊಂಡು ಬಾ, ಅದನ್ನು ನೋಡಿ ಕೇಸು ಮಾಡುವುದೋ ಬಿಡುವುದೋ ಹೇಳುತ್ತೇವೆ ಎಂದರು. ಕೇಸಾದರೆ ಕಾರು ಠಾಣೆಯಲ್ಲಿ ನಿಲ್ಲುತ್ತದೆ, ಲೈಸೆನ್ಸು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಡೆದು ಎತ್ತಿಕೊಂಡು ಹೋದವನು ಎಂಬ ಹೆಸರು ಬರುತ್ತದೆ. ಆಮೇಲೆ ಅವನ ಗಾಡಿ ಯಾರು ಹತ್ತುತ್ತಾರೆ?

ಭೀಮಶಿ ಮಾತ್ರ ಹಗುರಾಗಿದ್ದ. ‘ಕ್ಯಾಮರಾ ಐತಲ್ಲ ಮಾಮಾ, ಇನ್ಯಾಕ ಹೆದರಿಕಿ?’ ಎಂದ.

ಠಾಣೆಗೆ ಒಯ್ಯುವ ಮೊದಲು ಹೊಳಬಸಪ್ಪನೂ ನೋಡಲಿ, ನೋಡಿದರೆ ತಾನೇ ಅರ್ಜಿ ಹಿಂದೆ ತಗೊಳ್ಳುತ್ತಾನೆ ಎಂದು ಅವನಿಗೂ ಅವನ ಹೆಂಡತಿ ಬಸವಣ್ಣೆವ್ವನಿಗೂ ಹೇಳಿಕಳಿಸಿದೆವು. ಇಬ್ಬರೂ ಭೀಮಶಿಯ ಮನೆಗೆ ಬಂದರು. ಹೊಳಬಸಪ್ಪ ಕುರ್ಚಿ ಮೇಲೆ ಕೂತ. ಬಸವಣ್ಣೆವ್ವ ಹೊಸ್ತಿಲ ಹತ್ತಿರ ಕೂತಳು. ಮಹಾಲಕ್ಷ್ಮಿ ಚಹಾ ಕೊಟ್ಟಳು, ಯಾರೂ ಮುಟ್ಟಲಿಲ್ಲ.

ವಿಡಿಯೋದಲ್ಲಿ ವೈಪರ್ ಆಡುವುದು ಕಂಡಿತು. ಹಸಿ ರಸ್ತೆಯ ಮೇಲೆ ಬೆಳಕು ಬಿದ್ದು ಹಾಲು ಚೆಲ್ಲಿದ ಹಾಗೆ ಹರಡಿತ್ತು, ಅದರ ಆಚೀಚೆ ಕಾಡಿಗೆಯಂಥ ಕಪ್ಪು. ಹಳ್ಳದ ಬಾಜುವಿನ ಬೇವಿನ ಗಿಡ ಹೊಗೆಯ ಹಾಗೆ ಬಂದು ಹೋಯಿತು. ಆಮೇಲೆ ಬಿಳಿಯ ನಡುವೆ ಕರಿಯದೊಂದು ಬಂತು, ಗಾಡಿ ನಿಂತಿತು. ಅಷ್ಟೇ. ಅದು ಬೈಕೋ, ಎಮ್ಮೆಯೋ, ಮೊದಲೇ ಬಿದ್ದಿತ್ತೋ, ಆಗ ಬಿತ್ತೋ, ದೇವರಿಗೇ ಗೊತ್ತು. ಮಹಾಲಕ್ಷ್ಮಿ ರಿಮೋಟಿನಿಂದ ಟಿವಿಯ ಬೆಳಕು ಹೆಚ್ಚು ಮಾಡಿದಳು. ಕಪ್ಪು ಬೂದಿ ಬಣ್ಣಕ್ಕೆ ತಿರುಗಿತು, ಬೇರೆ ಏನೂ ಕಾಣಲಿಲ್ಲ. ಭೀಮಶಿ ಅದನ್ನೇ ಮತ್ತೆ ಮತ್ತೆ ಹಾಕಿದ. ಇನ್ನೊಂದು ಸಲ ಹಾಕಿದರೆ ಕಾಣುತ್ತದೆ ಎಂದು ಅವನಿಗೆ ಅನಿಸಿರಬೇಕು.

‘ಕರೇದೊಂದು ಬಂತು, ಗಾಡಿ ನಿಂತತಿ,’ ಎಂದ ಹೊಳಬಸಪ್ಪ. ‘ಅದ ಹೊಡದದ್ದು. ಇನ್ನೇನು ಬೇಕು?’

ನನಗೆ ಮೈಯೆಲ್ಲ ಉರಿಯಿತು. ಅದೇ ಚಿತ್ರ ನಮಗೆ ಒಂದು ಹೇಳುತ್ತಿತ್ತು, ಅವನಿಗೆ ಇನ್ನೊಂದು. ಕಾರಿಗೆ ಒಂದು ಗೀರೂ ಇಲ್ಲ ಎಂದು ಭೀಮಶಿ ಹೇಳಿದರೆ, ಮರುದಿನವೇ ಗಾಡಿ ತೊಳೆದೆಯಲ್ಲ ಎಂದ ಹೊಳಬಸಪ್ಪ. ತೊಳೆದದ್ದು ಅವನ ಮಗನ ರಕ್ತ. ಮಹಾಲಕ್ಷ್ಮಿ ಒಳಗಿನಿಂದಲೇ, ‘ಗೀರು ತೊಳದ್ರ ಹೊಕ್ಕಾವೇನ್ರಿ ಕಾಕಾ? ನಮ್ಮ ಭಾಂಡಿ ಮ್ಯಾಲೂ ಅದಾವು, ಸೋಪು ಯಾವ್ದು ಹೇಳ್ರಿ,’ ಎಂದಳು.

ಬೈಕು ರಸ್ತೆಯ ಮೇಲಿನ ಕಲ್ಲಿಗೆ ಎಡವಿರಬೇಕು ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. ಆಗ ಹೆಸರುಕಾಳಿನ ಸುಗ್ಗಿ. ನಾನು ಸಣ್ಣವನಿದ್ದಾಗ ಸೆಗಣಿ ಸಾರಿಸಿ ಕಣ ಮಾಡುತ್ತಿದ್ದೆವು. ಮಳೆ ಹಿಡಿದು ಎರೆಮಣ್ಣು ಕಾಲಿಗೆ ಅಂಟಿದರೆ ಹೆಸರಿನ ಕಾಯಿಯನ್ನೆಲ್ಲ ಪಡಸಾಲೆಗೆ ತಂದು ಹಾಕುತ್ತಿದ್ದೆವು, ಮಲಗಲು ಜಾಗ ಇರುತ್ತಿರಲಿಲ್ಲ. ಡಾಂಬರು ಬಂದ ಮೇಲೆ ಎಲ್ಲರಿಗೂ ರಸ್ತೆಯೇ ಕಣ. ಅರ್ಧ ರಸ್ತೆ ತುಂಬ ಕಾಯಿ ಹರವುತ್ತಾರೆ, ಹೋಗುವ ಗಾಡಿಗಳೇ ಅದನ್ನು ಒಕ್ಕಿ ಕೊಡುತ್ತವೆ. ಸಂಜೆಗೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸಿ, ಗಾಳಿಗೆ ಹಾರಬಾರದೆಂದು ಅಂಚಿಗೆ ಕಲ್ಲು ಹೇರುತ್ತಾರೆ. ನಾನು ಎಷ್ಟು ಜನರಿಗೆ ಹೇಳಿದ್ದೇನೆ, ಆ ಕಲ್ಲು ರಾತ್ರಿ ಕಾಣುವುದಿಲ್ಲ ಎಂದು. ಹೂಂ ಹೂಂ ಎನ್ನುತ್ತಾರೆ, ಮರುದಿನ ಅಲ್ಲೇ ಇಡುತ್ತಾರೆ.

‘ನಮ್ಮ ರಾಶಿ ಬಾಜೂಕ ಇತ್ತು,’ ಎಂದ ಹೊಳಬಸಪ್ಪ. ‘ಕಲ್ಲು ನಾನ ಸಂಜೀಕ ಒಳಗ ಸರಿಸೀನಿ. ರಸ್ತೆ ಅಗದಿ ಸ್ವಚ್ಛ ಇತ್ತು. ಸ್ವಚ್ಛ ರಸ್ತೇದಾಗ ನನ್ನ ಮಗ ಸುಮ್ಮ ಸುಮ್ಮನ ಬೀಳ್ತಾನೇನು?’

ಬಸವಣ್ಣೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಇಬ್ಬರೂ ಎದ್ದು ಹೋದರು.

ದಾನೀಶ್ ಬಂದದ್ದು ಭಾನುವಾರ. ನಮ್ಮ ಓಣಿಯವನೇ, ಸಣ್ಣ ಲಾರಿಯಲ್ಲಿ ತರಕಾರಿ ಹೇರಿಕೊಂಡು ಅಳ್ನಾವರದ ಮೇಲೆ ಗೋವಾಕ್ಕೆ ಹೋಗಿಬರುತ್ತಾನೆ. ಆ ರಾತ್ರಿ ಎಲ್ಲೇಶ ಬೀಳುವುದಕ್ಕಿಂತ ಸ್ವಲ್ಪ ಮೊದಲು ಅವನೂ ಹುಬ್ಬಳ್ಳಿ ಕಡೆಯಿಂದ ಗುಡಗೇರಿಗೆ ಹೋಗುತ್ತ ಆ ಹಳ್ಳ ದಾಟಿದ್ದ. ಫೋನಿನಲ್ಲಿ ಸುದ್ದಿ ಕೇಳಿದ ಕೂಡಲೇ, ಹಳೆಯ ವಿಡಿಯೋ ಅಳಿಸಿ ಹೊಸದು ಕೂರಬಾರದೆಂದು ತನ್ನ ಕ್ಯಾಮರಾದ ಕಾರ್ಡು ತೆಗೆದಿಟ್ಟಿದ್ದ.

ಮತ್ತೆ ಹೊಳಬಸಪ್ಪನನ್ನು ಕರೆದೆವು. ನಾನೇ ಅವನ ಮನೆಗೆ ಎರಡು ಸಲ ಹೋಗಬೇಕಾಯಿತು. ದಾನೀಶ್ ಮೊದಲು ಭೀಮಶಿಯ ವಿಡಿಯೋ ಹಾಕಿ ಬೇವಿನ ಗಿಡದ ಹತ್ತಿರ ನಿಲ್ಲಿಸಿದ. ಆಮೇಲೆ ತನ್ನದನ್ನು ಹಾಕಿ ಅದೇ ಗಿಡದ ಹತ್ತಿರ ನಿಲ್ಲಿಸಿದ. ನಾನು ಬಾಯಿ ತೆರೆದು ನೋಡಿದೆ. ಅದೇ ಮಳೆ, ಅದೇ ಕತ್ತಲೆ. ಇವನದರಲ್ಲಿ ಬೇವಿನ ಎಲೆ ಎಲೆ ಬೇರೆಯಾಗಿ ಕಾಣುತ್ತಿತ್ತು, ಮೈಲುಗಲ್ಲಿನ ಅಕ್ಷರ ಓದಲು ಬರುತ್ತಿತ್ತು. ಇದರ ಕಣ್ಣು ದೊಡ್ಡದು, ಹೆಚ್ಚು ಬೆಳಕು ಕುಡಿಯುತ್ತದೆ, ಎದುರಿನ ದೀಪ ಬಿದ್ದರೂ ಕುರುಡಾಗುವುದಿಲ್ಲ ಎಂದು ದಾನೀಶ್ ತಿಳಿಸಿ ಹೇಳಿದ. ಭೀಮಶಿಯ ಮುಖ ಸಣ್ಣದಾಯಿತು.

‘ಎಲ್ಲಾ ಕ್ಯಾಮರಾದ ತಪ್ಪಲ್ಲ ಅಣ್ಣಾ,’ ಎಂದ ದಾನೀಶ್. ‘ದಿನಾ ಗಾಡ್ಯಾಗ ಊದಿನಕಡ್ಡಿ ಹಚ್ಚತಿ. ಒಳಗಿನ ಗಾಜು ಯಾವಾಗ ಒರಸೀದಿ? ದೇವರ ಹೊಗಿ ಎಲ್ಲಾ ಅದಕ್ಕ ಕುಂತೈತಿ.’

ಮುಂದೆ ಬಿಟ್ಟ. ಗಿಡ ದಾಟಿದ ಕೂಡಲೇ ರಸ್ತೆಯ ಅರ್ಧದವರೆಗೆ ನೀಲಿ ತಾಡಪತ್ರಿ ಹೊದ್ದ ರಾಶಿ, ಅದರ ಅಂಚಿಗೆ ಡಾಂಬರಿನ ಮೇಲೆ ತಲೆ ಗಾತ್ರದ ಕಲ್ಲುಗಳು. ದಾನೀಶನ ಲಾರಿ ಬಲಕ್ಕೆ ಸರಿದು ದಾಟಿತು.

ಹೊಳಬಸಪ್ಪ ಟಿವಿಯ ಮೂಲೆಯ ಅಂಕಿಗಳನ್ನೇ ನೋಡುತ್ತಿದ್ದ. ‘ಎರಡು ಸಾವಿರದ ಹತ್ತೊಂಬತ್ತು ಅಂತ ಐತಿ. ಇದು ಹಳೇ ವಿಡಿಯೋ.’

ಕ್ಯಾಮರಾದೊಳಗಿನ ಗಡಿಯಾರದ ಬ್ಯಾಟರಿ ಹೋಗಿದೆ, ಗಾಡಿ ಬಂದ್ ಮಾಡಿದಾಗೆಲ್ಲ ಆ ವರ್ಷಕ್ಕೇ ಹೋಗಿ ಕೂರುತ್ತದೆ, ಆ ವರ್ಷ ನನ್ನ ಹತ್ತಿರ ಈ ಗಾಡಿಯೇ ಇರಲಿಲ್ಲ ಎಂದು ದಾನೀಶ್ ಹೇಳಿದ. ಹೊಳಬಸಪ್ಪ ಕೇಳಲಿಲ್ಲ. ಎಂದೋ ಒಂದು ದಿನ ಕಲ್ಲು ಇದ್ದಿರಬಹುದು, ಆ ರಾತ್ರಿ ಇರಲಿಲ್ಲ, ಪೊಲೀಸರು ವಿಡಿಯೋ ಮೇಲಿನ ತಾರೀಖು ನೋಡುತ್ತಾರೋ ನಿನ್ನ ಮಾತು ಕೇಳುತ್ತಾರೋ ಎಂದ. ಅದೂ ಸುಳ್ಳಲ್ಲ. ಭೀಮಶಿಯ ಕ್ಯಾಮರಾಕ್ಕೆ ತಾರೀಖು, ಗಂಟೆ, ನಿಮಿಷ ಎಲ್ಲ ಗೊತ್ತು, ಕಣ್ಣೇ ಇಲ್ಲ. ಇದು ಎಲೆ ಎಣಿಸುವಷ್ಟು ಕಾಣುತ್ತದೆ, ಯಾವ ವರ್ಷ ಎಂಬುದು ತಿಳಿಯದು. ಎರಡನ್ನೂ ತೆಗೆದು ಹಳ್ಳಕ್ಕೆ ಎಸೆಯಬೇಕು ಅನಿಸಿತು ನನಗೆ. ಭೀಮಶಿ ಗೋಡೆಗೆ ಒರಗಿ ಕೂತುಬಿಟ್ಟ. ಹೊಳಬಸಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

‘ತಮ್ಮಾ, ಒಂದೀಟು ಹಿಂದಕ ಒಯ್ಯಿ,’ ಎಂದಳು ಬಸವಣ್ಣೆವ್ವ.

ದಾನೀಶ್ ಹಿಂದಕ್ಕೆ ಒಯ್ದು ತಾಡಪತ್ರಿಯ ಹತ್ತಿರ ನಿಲ್ಲಿಸಿದ. ಅವಳು ಎದ್ದು ಟಿವಿಯ ಹತ್ತಿರ ಹೋಗಿ ಗಾಜಿಗೆ ಬೆರಳಿಟ್ಟಳು. ನೀಲಿಯ ಮೇಲೆ ಅಂಗೈ ಅಗಲದ ಹಳದಿ ಇತ್ತು. ನಾವು ಯಾರೂ ಅದನ್ನು ಲಕ್ಷಿಸಿರಲಿಲ್ಲ.

‘ಇದು ನಾ ಹಾಕಿದ ತ್ಯಾಪಿ. ಎಲ್ಲೇಶನ ಹಳೇ ರೇನ್‌ಕೋಟ್ ಹರದು ಹೊಲದೀನಿ. ಅವತ್ತ ಮಧ್ಯಾಹ್ನ ಹೊಲದದ್ದು. ಮರುದಿನ ಮುಂಜಾನಿ ಓಣಿ ಮಂದಿ ರಾಶಿ ಮನಿಗೆ ತಂದ್ರು. ಈ ತ್ಯಾಪಿ ರಸ್ತೇದಾಗ ಇದ್ದದ್ದು ಅದೊಂದ ರಾತ್ರಿ.’

‘ನೀ ಸುಮ್ನ ಕುಂದ್ರ,’ ಎಂದ ಹೊಳಬಸಪ್ಪ.

‘ಇಷ್ಟ ದಿನಾ ಸುಮ್ನ ಕುಂತೀನಿ. ನೀವು ಕಲ್ಲು ಸರಿಸೀನಿ ಅಂದ್ರಿ, ನಾ ಬಾಯಿ ತಗೀಲಿಲ್ಲ.’ ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು. ‘ಕಲ್ಲು ಇಟ್ಟಾಕಿ ನಾನು. ನನ್ನ ಮಗ ನಾ ಇಟ್ಟ ಕಲ್ಲಿಗೆ ಬಿದ್ದಾನ. ಈ ಭೀಮಶಿ ಎತ್ತಿ ಒಯ್ದಾನ. ಠಾಣ್ಯಾಗ ಕೇಳಿದ್ರ ನಾ ಇದನ್ನ ಹೇಳ್ತೀನಿ.’

ಹೊಳಬಸಪ್ಪ ಅವಳನ್ನೂ ನೋಡಲಿಲ್ಲ, ಭೀಮಶಿಯನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೋದ. ಅವಳು ಟಿವಿಯ ಮುಂದೆಯೇ ಕುಸಿದು ಕೂತಳು. ಮಹಾಲಕ್ಷ್ಮಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

ಮರುದಿನ ಮುಂಜಾನೆ ಹೊಳಬಸಪ್ಪ ಬಂದದ್ದು ನನ್ನ ಮನೆಗೆ. ಅರ್ಜಿ ಹಿಂದೆ ತಗೊಳ್ಳಲು ಕುಂದಗೋಳಕ್ಕೆ ಹೋಗಬೇಕಂತೆ, ಬಸ್ಸು ಹೋಗಿಬಿಟ್ಟಿದೆಯಂತೆ. ‘ಉಡಚಪ್ಪಣ್ಣಾ, ಭೀಮಶಿ ಬಾಡಿಗಿಗೆ ಬರ್ತಾನೇನು ಕೇಳು,’ ಎಂದ. ನೀನೇ ಕೇಳು ಎಂದೆ. ಕಂಬದ ಹತ್ತಿರ ನಿಂತೇ ಇದ್ದ. ಕೊನೆಗೆ ಭೀಮಶಿಯೇ ತನ್ನ ಮನೆಯಿಂದ ಕೀಲಿಕೈ ಹಿಡಿದು ಬಂದ, ಬರ್ರಿ ಎಂದ.

ನಾನು ಮುಂದೆ ಕೂತೆ. ಹೊಳಬಸಪ್ಪ ಹಿಂದೆ, ಅವನ ಮಗನನ್ನು ಮಲಗಿಸಿದ್ದ ಸೀಟಿನ ಮೇಲೆ. ಹಳ್ಳ ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

‘ಭೀಮಶಿ,’ ಎಂದ. ಆಮೇಲೆ ಅವನ ಕಣ್ಣು ಗಾಜಿನ ಮೇಲಿನ ಸಣ್ಣ ಕೆಂಪು ದೀಪಕ್ಕೆ ಹೋಯಿತು. ‘ಇದು ನಾವು ಮಾತಾಡೂದನ್ನೂ ಹಿಡೀತೈತೇನು?’

‘ಹಿಡೀತೈತ್ರಿ.’

ಹೊಳಬಸಪ್ಪ ಬಾಯಿ ಮುಚ್ಚಿಕೊಂಡ. ಭೀಮಶಿ ಗಾಡಿ ಮೆಲ್ಲಗೆ ಮಾಡಿ, ಒಂದು ಕೈ ಚಾಚಿ ಕ್ಯಾಮರಾದ ವಾಯರು ಕಿತ್ತ. ಕೆಂಪು ದೀಪ ಆರಿತು.

‘ಈಗ ಹೇಳ್ರಿ ಕಾಕಾ.’

ಹೊಳಬಸಪ್ಪ ಕಿಟಕಿಯ ಹೊರಗೆ ನೋಡಿದ. ಹತ್ತಿಯ ಹೊಲಗಳು ಹೋದವು, ಒಂದು ಟ್ರ್ಯಾಕ್ಟರು ಹೋಯಿತು. ಹೇಳು ಮಾರಾಯಾ, ಒಂದು ಮಾತು, ಅದಕ್ಕೇನು ಅರ್ಜಿ ಬರೆಯಬೇಕೇ ಎಂದು ಹಿಂದಕ್ಕೆ ತಿರುಗಿ ಅವನ ಭುಜ ಹಿಡಿದು ಅಲುಗಾಡಿಸಬೇಕು ಅನಿಸಿತು.

‘ಏನಿಲ್ಲ,’ ಎಂದ ಹೊಳಬಸಪ್ಪ. ‘ಸಾವಕಾಶ ಹೊಡಿ. ರಸ್ತೆ ಹಸಿ ಐತಿ.’

ಭೀಮಶಿ ಹೂಂ ಎಂದ. ವಾಯರನ್ನು ಮತ್ತೆ ಸಿಕ್ಕಿಸಿ ಗೇರು ಬದಲಿಸಿದ.